ಹಾರ ಹೋಗಿ ಭಾರ ಬಂತು

ಕಕ್ಕಡ ಮಾಸದಲ್ಲಿ ಕೊಡಗಿನಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಶಾಮಿಯಾನದವನಿಗೆ ಕೆಲಸವಿಲ್ಲ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಮಳೆ ಒಂದೇ ಸಮನೆ ಹೊಯ್ಯುತ್ತದೆ. ಗದ್ದೆಯಲ್ಲಿ ನಾಟಿ, ಮನೆಯಲ್ಲಿ ಕಣಿಲೆ ಪಲ್ಯ, ಏಡಿ ಸಾರು. ಅದು ಬಿಟ್ಟರೆ ಒಲೆ ಮುಂದೆ ಕೂರುವುದೇ ಉದ್ಯೋಗ. ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋದರೆ ಎಂದು ಬರುತ್ತದೆಂದು ಕೇಳುವ ಚಟ ಇಲ್ಲಿ ಯಾರಿಗೂ ಇಲ್ಲ. ಟಿ.ವಿ. ಸತ್ತಿರುತ್ತದೆ, ಅದರ ಹಿಂದೆಯೇ ಮೊಬೈಲ್ ಟವರೂ ಮಲಗುತ್ತದೆ. ಪುಸ್ತಕ ಓದಲಿ ಎಂದೇ ದೇವರು ಎತ್ತಿಟ್ಟ ತಿಂಗಳು ಇದು ಎಂದು ಯಾರಿಗಾದರೂ ಅನ್ನಿಸೀತು. ಈ ವರ್ಷ ಮೇಲಿನವರಿಗೆ ಅನ್ನಿಸಿಬಿಟ್ಟಿದೆ.

ಪರಿಣಾಮವಾಗಿ ನಮ್ಮ ಪಂಚಾಯಿತಿಯ ಗ್ರಂಥಾಲಯಕ್ಕೆ ಒಂದು ಫಾರಂ ಬಂದಿದೆ. (2019ರಲ್ಲಿ ಹಳ್ಳಿ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಯ ಪಾಲಾದವು, ಈಗ ಬೋರ್ಡಿನಲ್ಲಿ ಅರಿವು ಕೇಂದ್ರ ಎಂದಿದೆ. ಸೋರುವ ಮೂಲೆ ಮಾತ್ರ ಹಳೆಯದೇ.) ಕಳೆದ ತಿಂಗಳು ಸೇರ್ಪಡೆಯಾದ ಹೊಸ ಪುಸ್ತಕಗಳೆಷ್ಟು, ಮುಂದಿನ ತಿಂಗಳ ಓದಿನ ಕ್ರಿಯಾಯೋಜನೆ ಏನು, ಗುರಿ, ಸಾಧನೆ, ಶೇಕಡಾವಾರು, ಷರಾ, ಕಡೆಗೆ ಜಿಪಿಎಸ್ ಫೋಟೊ. ಚರಂಡಿ ಹೂಳೆತ್ತುವ ಫಾರಮ್ಮನ್ನೇ ತಿದ್ದಿ ಇದನ್ನು ಮಾಡಿದ್ದಾರೆಂದು ಕಾಣುತ್ತದೆ. ತಿದ್ದುವಾಗ ಒಂದು ಸಾಲು ಕಣ್ತಪ್ಪಿ ಉಳಿದಿದೆ: ‘ಕಾಮಗಾರಿಯ ಉದ್ದವನ್ನು ಮೀಟರ್‌ಗಳಲ್ಲಿ ನಮೂದಿಸುವುದು’.

ಮೇಲ್ವಿಚಾರಕಿ ನನ್ನನ್ನು ಕೇಳಿದರು, “ಅಣ್ಣಾ, ಓದನ್ನು ಮೀಟರಲ್ಲಿ ಹೇಗೆ ಬರೀಲಿ?”

“ಬೀರುವಿನ ಉದ್ದ ಅಳೆದು ಬರೆದುಬಿಡಿ ಅಕ್ಕ. ಮೇಲೆ ಯಾರೂ ಓದಲ್ಲ.”

“ಓದಲ್ಲ ಅಂತ ಗೊತ್ತು. ಆದ್ರೆ ಬರೀದಿದ್ರೆ ವಾಪಸ್ ಕಳಿಸ್ತಾರೆ.”

ಇನ್ನು ಹೊಸ ಸೇರ್ಪಡೆಯ ವಿಷಯ. ಕಳೆದ ತಿಂಗಳು ಪರಿಗ್ರಹಣ ವಹಿಯಲ್ಲಿ ಏರಿದ್ದು ಹದಿನಾಲ್ಕು ಪುಸ್ತಕ. ಅದರಲ್ಲಿ ಎರಡು ಹತ್ತನೇ ತರಗತಿಯ ಹಳೆ ಗೈಡು, ಒಂದು ವಿಮಾ ಕಂಪನಿಯ ಡೈರಿ, ಒಂದು ಪಂಚಾಂಗ, ಒಂದು ಅಡುಗೆ ಪುಸ್ತಕ. ಉಳಿದ ಒಂಬತ್ತೂ ಒಂದೇ ಪುಸ್ತಕ. ಜಿಲ್ಲೆಯ ಹಿರಿಯ ಸಹಕಾರಿ ಧುರೀಣರೊಬ್ಬರ ಅಭಿನಂದನ ಗ್ರಂಥ. ರಟ್ಟಿನ ಬೈಂಡು, ಮಿರಮಿರ ಜಾಕೆಟ್ಟು, ಆರುನೂರು ಚಿಲ್ಲರೆ ಪುಟ. ಇದರಲ್ಲಿ ಲೇಖನ ಬರೆದವರೇ ನೂರು ಜನ ಇರುವುದರಿಂದ ಓದುವುದಕ್ಕೆ ಹೊರಗೆ ಯಾರೂ ಉಳಿದಿಲ್ಲ. ಬರೆದವರು ತಮ್ಮ ಲೇಖನ ಓದಿದ್ದಾರೆ, ಧುರೀಣರು ತಮ್ಮ ಫೋಟೊಗಳನ್ನು ನೋಡಿದ್ದಾರೆ. ಗ್ರಂಥದ ಕೆಲಸ ಅಲ್ಲಿಗೆ ಮುಗಿದಿತ್ತು. ಆದರೆ ಪುಸ್ತಕ ಮುಗಿಯಲಿಲ್ಲ. ಸಾವಿರ ಪ್ರತಿ ಹಾಕಿಸಿದ್ದರು.

ಅಷ್ಟು ಪ್ರತಿ ಎಲ್ಲಿಗೆ ಹೋಗಬೇಕು? ಅದಕ್ಕೆ ಸರ್ಕಾರವೇ ದಾರಿ ತೋರಿಸಿತ್ತು. 2021ರ ಆಗಸ್ಟಿನಲ್ಲಿ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಸರ್ಕಾರಿ ಸಮಾರಂಭಗಳಲ್ಲಿ ಹಾರ, ತುರಾಯಿ, ಶಾಲು, ಹಣ್ಣಿನ ಬುಟ್ಟಿ ಬೇಡ, ಕನ್ನಡ ಪುಸ್ತಕ ಕೊಡಿ ಎಂದು ಸುತ್ತೋಲೆ ಹೊರಡಿಸಿದರು. 2023ರಲ್ಲಿ ಮುಖ್ಯಮಂತ್ರಿಯಾದ ಸಿದ್ದರಾಮಯ್ಯನವರೂ ಹಾರ, ಶಾಲು ಬೇಡ, ಕೊಡುವುದಿದ್ದರೆ ಪುಸ್ತಕ ಕೊಡಿ ಎಂದರು. ಎರಡು ಪಕ್ಷದವರು ಒಂದೇ ಮಾತು ಹೇಳಿದ್ದು ಈ ರಾಜ್ಯದಲ್ಲಿ ಅಪರೂಪ. ಒಳ್ಳೆಯ ಮಾತೂ ಹೌದು, ಅದರಲ್ಲಿ ಎರಡಿಲ್ಲ. ಕೆಳಗೆ ಬರುವಷ್ಟರಲ್ಲಿ ಮಾತು ಸ್ವಲ್ಪ ಬದಲಾಯಿತು, ಅಷ್ಟೆ: ಹಾರದ ಬದಲು ಪುಸ್ತಕ ಎಂದದ್ದು ಹಾರದಂತೆ ಪುಸ್ತಕ ಎಂದಾಯಿತು.

ಹಾರಕ್ಕೆ ಏನೇನು ಲಕ್ಷಣ ಬೇಕೋ ಅವೆಲ್ಲ ಪುಸ್ತಕಕ್ಕೂ ಬೇಕಾದವು. ದಪ್ಪಗಿರಬೇಕು, ದೂರಕ್ಕೆ ಕಾಣಬೇಕು, ಬಣ್ಣ ಬಳಿದಿರಬೇಕು. ನೂರು ಪುಟದ ಕಥಾಸಂಕಲನ ಕೊಟ್ಟರೆ ಅತಿಥಿಗೆ ಅವಮಾನ. ‘ನಮಗೆ ಕರಪತ್ರ ಕೊಟ್ಟರು’ ಎಂದು ಹೇಳಿಕೊಂಡು ತಿರುಗುತ್ತಾರೆ. ಕೊಡುವವರು, ಪಡೆಯುವವರು ಇಬ್ಬರೂ ಒಂದೊಂದು ತುದಿ ಹಿಡಿದು ಕ್ಯಾಮೆರಾ ನೋಡುತ್ತಾರೆ. ಫ್ಲ್ಯಾಶ್ ಆರುವ ಮೊದಲೇ ಪುಸ್ತಕ ಹಿಂದೆ ನಿಂತ ಆಪ್ತ ಸಹಾಯಕನ ಕೈಗೆ, ಅಲ್ಲಿಂದ ಚಾಲಕನ ಕೈಗೆ, ಅಲ್ಲಿಂದ ಡಿಕ್ಕಿಗೆ. ಹಾರವಾಗಿದ್ದರೆ ಸಂಜೆಗೆ ಬಾಡುತ್ತಿತ್ತು, ಯಾರ ಮನೆಯ ಹಸುವಾದರೂ ತಿನ್ನುತ್ತಿತ್ತು. ಪುಸ್ತಕ ಬಾಡುವುದಿಲ್ಲವಲ್ಲ, ಮಾರನೆಯ ದಿನದ ಸಭೆಗೆ ಮತ್ತೆ ಹೊರಡುತ್ತದೆ. ಪಕ್ಕಾ ಮಿತವ್ಯಯ.

ಗ್ರಂಥಾಲಯಕ್ಕೆ ಬಂದ ಒಂಬತ್ತರಲ್ಲಿ ಒಂದು ಪ್ರತಿ ಹೀಗೆ ಜಿಲ್ಲೆಯನ್ನೇ ಸುತ್ತಿದೆ. ಕುಶಾಲನಗರದಲ್ಲಿ ಪಡೆದವರು ಸೋಮವಾರಪೇಟೆಯಲ್ಲಿ ಕೊಟ್ಟಿದ್ದಾರೆ; ಸೋಮವಾರಪೇಟೆಯವರು ವಿರಾಜಪೇಟೆಗೆ ಒಯ್ದಿದ್ದಾರೆ; ಅಲ್ಲಿಂದ ಗೋಣಿಕೊಪ್ಪಲು. ಮೊದಲ ಪುಟದಲ್ಲಿ ಒಂದರ ಕೆಳಗೊಂದು ‘ಸಪ್ರೇಮ’, ‘ಗೌರವಪೂರ್ವಕವಾಗಿ’, ‘ಸವಿನೆನಪಿಗಾಗಿ’ ಎಂದು ಸಹಿ, ತಾರೀಖು. ನಾಲ್ಕನೆಯವರಿಗೆ ಜಾಗ ಸಿಗದೆ ಪುಟ ತಿರುವಿ ಪರಿವಿಡಿಯ ಮೇಲೆ ಬರೆದಿದ್ದಾರೆ. ಇಡೀ ಪಯಣದಲ್ಲಿ ಎರಡನೇ ಪುಟದವರೆಗೆ ಹೋದ ಓದುಗರು ಅವರೊಬ್ಬರೇ. ಆಮೇಲೆ ಪುಸ್ತಕ ಜೋಳಿಗೆ ಬಂತು. ಮನೆಯಲ್ಲಿರುವ ಪುಸ್ತಕ ದಾನ ಮಾಡಿ ಎಂದು ಜೋಳಿಗೆ ಹಿಡಿದು ಬಂದವರಿಗೆ ದೊಡ್ಡವರೆಲ್ಲ ಡಿಕ್ಕಿ ತೆರೆದರು. ಅಂದು ಸಂಜೆಯೇ ಫೋಟೊ ಗ್ರೂಪಿಗೆ ಬಿತ್ತು: ಜ್ಞಾನದಾನ.

ಇದನ್ನು ನೋಡಿ ನಗುವವರು ಸಗಟು ಖರೀದಿಯ ಕಡೆಗೂ ಒಮ್ಮೆ ಕಣ್ಣು ಹಾಯಿಸಬೇಕು. ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳಿಗಾಗಿ ಆಯ್ಕೆಯಾದ ಒಂದೊಂದು ಶೀರ್ಷಿಕೆಗೂ 300 ಪ್ರತಿ ಕೊಳ್ಳುವ ಪದ್ಧತಿಯಿದೆ. ಬೆಲೆ ಪುಟದ ಲೆಕ್ಕದಲ್ಲಿ. ಪುಟಕ್ಕಿಷ್ಟು ಎಂದ ಮೇಲೆ ಅಕ್ಷರ ದಪ್ಪವಾಗುತ್ತದೆ, ಅಂಚು ಅಗಲವಾಗುತ್ತದೆ, ಚುಟುಕದ ಕವಿ ಪುಟಕ್ಕೊಂದು ಚುಟುಕ ಇಟ್ಟು ಎದುರು ಪುಟವನ್ನು ರಸಿಕರ ಮೌನಕ್ಕೆ ಬಿಡುತ್ತಾನೆ. ಹಾಗೆಂದು ಪ್ರಕಾಶಕ ಶ್ರೀಮಂತನಾದ ಎಂದುಕೊಳ್ಳಬೇಡಿ. ಪುಸ್ತಕ ಹೋಗಿ ಎಷ್ಟೋ ಕಾಲದ ಮೇಲೆ ದುಡ್ಡು ಬರುತ್ತದೆ. ಅಷ್ಟರಲ್ಲಿ ಆತ ಕಾಫಿ ಪುಡಿ ವ್ಯಾಪಾರಕ್ಕೆ ಇಳಿದಿರುತ್ತಾನೆ. ಈ ದುಡ್ಡಾದರೂ ಆಕಾಶದಿಂದ ಉದುರಿದ್ದಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವೆಲ್ಲ ಆಸ್ತಿ ತೆರಿಗೆಯ ಜೊತೆಗೆ ಶೇ. 6 ಗ್ರಂಥಾಲಯ ಕರ ಕಟ್ಟುತ್ತಿದ್ದೇವೆ. ಹೋಮ್‌ಸ್ಟೇ, ರೆಸಾರ್ಟಿನವರು ಕಟ್ಟುವ ತೆರಿಗೆಗೂ ಅದು ಅಂಟಿಕೊಂಡೇ ಬರುತ್ತದೆ. ಈಜುಕೊಳದ ಪಕ್ಕ ಬೆನ್ನು ಒಡ್ಡಿ ಮಲಗಿದ ಪ್ರವಾಸಿಗರು ಕನ್ನಡ ಸಾಹಿತ್ಯವನ್ನು ಸಾಕುತ್ತಿದ್ದಾರೆ; ಪಾಪ, ಅವರಿಗೆ ಗೊತ್ತಿಲ್ಲ.

ಆಗಸ್ಟ್ 12 ಗ್ರಂಥಪಾಲಕರ ದಿನ. ನಮ್ಮ ಕ್ರಿಯಾಯೋಜನೆಯ ಶಿಖರ ಅದೇ. ಅದು ಎಸ್.ಆರ್. ರಂಗನಾಥನ್ ಅವರ ನೆನಪಿನ ದಿನ. ಕೊನೆಗಾಲದಲ್ಲಿ ಬೆಂಗಳೂರಿನಲ್ಲಿ ನೆಲೆಸಿ 1972ರಲ್ಲಿ ಅಲ್ಲೇ ತೀರಿಕೊಂಡ ಈ ಗಣಿತದ ಮೇಷ್ಟ್ರು 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಕೊಟ್ಟರು. ಪುಸ್ತಕ ಇರುವುದು ಬಳಕೆಗೆ ಎಂಬುದು ಮೊದಲನೆಯದು. ಇದನ್ನು ನಾವು ಅಕ್ಷರಶಃ ಪಾಲಿಸುತ್ತಿದ್ದೇವೆ: ಒಂಬತ್ತರಲ್ಲಿ ಎರಡು ಪ್ರತಿ ಮೇಜಿನ ಗಿಡ್ಡ ಕಾಲಿನ ಕೆಳಗೆ, ಒಂದು ಕಿಟಕಿ ಬಾಗಿಲು ಗಾಳಿಗೆ ಹೊಡೆದುಕೊಳ್ಳದಂತೆ. ಓದುಗನ ಸಮಯ ಉಳಿಸಿ ಎಂಬುದು ಇನ್ನೊಂದು. ತೋಟದ ಕೆಲಸ ಬಿಡುವ ಹೊತ್ತಿಗೆ ಸರಿಯಾಗಿ ಬೀಗ ಬೀಳುವುದರಿಂದ ಕೂಲಿಕಾರರ ಸಮಯ ಪೂರ್ತಿ ಉಳಿಯುತ್ತಿದೆ. ಬೀಗ ಬೇಗ ಹಾಕುವುದರಲ್ಲಿ ಮೇಲ್ವಿಚಾರಕಿಯ ತಪ್ಪೇನೂ ಇಲ್ಲ. ಸಂಜೆ ಆ ರಸ್ತೆಯಲ್ಲಿ ಆನೆ ದಾಟುತ್ತದೆ; ಆನೆಗೆ ಸದಸ್ಯತ್ವ ಇಲ್ಲದಿದ್ದರೂ ಸಮಯ ನಿರ್ಧರಿಸುವುದು ಅದೇ.

ಐದನೆಯ ಸೂತ್ರ ಮಾತ್ರ ರಂಗನಾಥನ್ ಅವರು ಕೊಡಗಿನ ಮಳೆಗಾಲ ನೋಡಿಯೇ ಬರೆದರೇನೋ ಅನ್ನುವ ಹಾಗಿದೆ. ಗ್ರಂಥಾಲಯ ಬೆಳೆಯುವ ಜೀವಿ ಎಂದಿದ್ದಾರೆ. ಜುಲೈ ತಿಂಗಳಲ್ಲಿ ಬಂದು ನೋಡಿ! ಬೀರು ತೆರೆದರೆ ಹಸಿರು ಬೂಸ್ಟು ಕಾವ್ಯದ ಕಡೆಯಿಂದ ಹೊರಟು ವಿಮರ್ಶೆಯನ್ನು ದಾಟಿ ಸ್ಪರ್ಧಾತ್ಮಕ ಪರೀಕ್ಷೆಗಳವರೆಗೆ ಹಬ್ಬಿರುತ್ತದೆ. ಮನೆಗಳಲ್ಲಾದರೆ ಬಟ್ಟೆ ಬೀರುವಿನೊಳಗೆ ಒಂದು ಬಲ್ಬು ಉರಿಸಿ ಶಾಖ ಇಡುತ್ತಾರೆ. ಇಲ್ಲಿ ಬಲ್ಬಿಗೆ ಅನುದಾನ ಬಂದಾಗ ಕರೆಂಟಿರಲಿಲ್ಲ, ಕರೆಂಟು ಬಂದಾಗ ಅನುದಾನ ವಾಪಸು ಹೋಗಿತ್ತು. ಮಿರಮಿರ ಜಾಕೆಟ್ಟಿನ ಅಭಿನಂದನ ಗ್ರಂಥಕ್ಕೆ ಬೂಸ್ಟು ಹಿಡಿಯುವುದಿಲ್ಲ. ಬೂಸ್ಟಿಗೂ ಒಂದು ಅಭಿರುಚಿ ಇದೆ.

ಹಾಗಿದ್ದರೆ ಓದುವವರೇ ಇಲ್ಲವೇ? ಇದ್ದಾರೆ, ಕಷ್ಟ ಇರುವುದೇ ಅಲ್ಲಿ. ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದು ಲೈನ್ ಮನೆಯಲ್ಲಿರುವ ಒಬ್ಬ ಹುಡುಗ ಭಾನುವಾರ ಮೊಬೈಲ್ ಚಾರ್ಜಿಗೆ ಬರುತ್ತಾನೆ. ಚಾರ್ಜ್ ಆಗುವವರೆಗೆ ಕೂತು ಬೀರು ನೋಡುತ್ತಾನೆ. ಅವನ ಭಾಷೆಯ ಒಂದು ಪುಸ್ತಕ ಇದೆಯೇ ಎಂದು ಹಿಂದಿಯಲ್ಲಿ ಕೇಳಿದ. ಮೇಲ್ವಿಚಾರಕಿ ಹುಡುಕಿ, ಹುಡುಕಿ, ಚಿತ್ರ ಜಾಸ್ತಿ ಇರುವುದು ಇದೊಂದೇ ಎಂದು ಅಭಿನಂದನ ಗ್ರಂಥ ಕೊಟ್ಟರು. ಆತ ಪೂರ್ತಿ ನೋಡಿದ. ಕೊನೆಯ ಪುಟದವರೆಗೆ ಹೋದ ದಾಖಲೆ ಅವನದು. ಏಳನೇ ತರಗತಿಯ ಹುಡುಗಿಯೊಬ್ಬಳು ಶಾಲೆಯಲ್ಲಿ ಭಾಷಣ ಮಾಡಬೇಕು, ಕೊಡಗಿನ ಗೌರಮ್ಮನ ಕಥೆಗಳು ಬೇಕು ಎಂದು ಬಂದಳು. 1939ರಲ್ಲಿ, ಇಪ್ಪತ್ತೇಳು ತುಂಬಿದ ಸುಮಾರಿಗೇ ನೀರುಪಾಲಾದ, ನಮ್ಮದೇ ನೆಲದ ಕಥೆಗಾರ್ತಿ. ಇಲ್ಲ. ಗ್ರಂಥಾಲಯದಲ್ಲಿ ಇಲ್ಲ. 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು ಅಚ್ಚಿಗೆ ಕೊಟ್ಟ ಕೊಡವ ಹಾಡುಗಳ ಸಂಗ್ರಹ ಇದೆ. ಅಮೂಲ್ಯ ಎಂಬ ಕಾರಣಕ್ಕೆ ಪ್ರತ್ಯೇಕ ಬೀಗದಲ್ಲಿದೆ, ಬೀಗದ ಕೈ ವರ್ಗವಾಗಿ ಹೋದ ಪಿಡಿಒ ಜೊತೆ ಹೋಗಿದೆ.

ಗೌರಮ್ಮ ಎಂದಾಗ ನೆನಪಾಯಿತು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಈ ಹೆಣ್ಣುಮಗಳು ಹಟ ಹಿಡಿದು ಅವರನ್ನು ಮನೆಗೆ ಕರೆಸಿಕೊಂಡು ಹರಿಜನ ನಿಧಿಗೆ ತಮ್ಮ ಒಡವೆ ಬಿಚ್ಚಿ ಕೊಟ್ಟರು. ಈಗ ಬಂದಿದ್ದರೆ ಶಿಷ್ಟಾಚಾರದವರು ಒಡವೆಯನ್ನು ತಡೆದು, ಗಾಂಧೀಜಿ ಕೈಗೆ ಆರುನೂರು ಪುಟದ ಸಹಕಾರಿ ಧುರೀಣರನ್ನು ಇಡಿಸುತ್ತಿದ್ದರು. ಮುದುಕರು ಕೋಲು ಬಿಟ್ಟು ಎರಡೂ ಕೈಯಲ್ಲಿ ಹಿಡಿಯಬೇಕಾಗುತ್ತಿತ್ತು.

ಮಡಿಕೇರಿ 1932, 1981, 2014 ಹೀಗೆ ಮೂರು ಸಲ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಕಂಡ ಊರು. ಕೊನೆಯದರಲ್ಲಿ ಮಳಿಗೆಗಳಿಂದ ಚೀಲಗಟ್ಟಲೆ ಪುಸ್ತಕ ಹೊತ್ತು ತಂದ ಎಷ್ಟೋ ಮನೆಗಳು ನನಗೆ ಗೊತ್ತು. ಚೀಲ ಸವೆದಿದೆ.

ಕ್ರಿಯಾಯೋಜನೆ ತುಂಬುವ ಕೆಲಸ ಈ ವಾರ ನಡೆಯಿತು. ಮೊದಲ ವಾರ ಓದುವ ಹಾಗಿಲ್ಲ, ಆಗಸ್ಟ್ 3 ಕಕ್ಕಡ ಹದಿನೆಂಟು, ಈ ಮಾಸದ ಹದಿನೆಂಟನೇ ದಿನದ ಹಬ್ಬ. ಎಲ್ಲರೂ ಮದ್ದುಸೊಪ್ಪಿನ ಪಾಯಸದಲ್ಲಿರುತ್ತಾರೆ, ಆ ನೇರಳೆ ಬಣ್ಣ ಪುಸ್ತಕಕ್ಕೆ ಹತ್ತಿದರೆ ಹೋಗುವುದಿಲ್ಲ. ಮೂರನೇ ವಾರ ಸ್ವಾತಂತ್ರ್ಯೋತ್ಸವ. ಕೊನೆಯ ವಾರ ವರದಿ ಬರೆಯುವುದಕ್ಕೆ ಬೇಕು. ಉಳಿದದ್ದು ಎರಡನೇ ವಾರ; ಅದರಲ್ಲಿ ಗ್ರಂಥಪಾಲಕರ ದಿನದ ಸಭೆ. ಸಭೆ ಎಂದ ಮೇಲೆ ಮುಖ್ಯ ಅತಿಥಿ ಬೇಕು. ಆ ಸಹಕಾರಿ ಧುರೀಣರೇ ಒಪ್ಪಿಕೊಂಡಿದ್ದಾರೆ. ಕಕ್ಕಡದಲ್ಲಿ ಅವರಿಗೂ ಬೇರೆ ಕಾರ್ಯಕ್ರಮವಿಲ್ಲ. ಅತಿಥಿಗೆ ಪುಸ್ತಕ ಕೊಡಬೇಕಲ್ಲ ಎಂದಾಗ ದುಡ್ಡಿಲ್ಲ ಎಂಬುದು ಗೊತ್ತಾಯಿತು.

“ಒಂಬತ್ತು ಇದೆಯಲ್ಲ ಮೇಡಂ, ಒಂದು ತೆಗೀರಿ,” ಅಂದರು ಅಧ್ಯಕ್ಷರು.

“ಮುದ್ರೆ ಬಿದ್ದಿದೆ ಸಾರ್, ನಂಬರ್ ಹಾಕಿ ಆಗಿದೆ. ಸದಸ್ಯರಲ್ಲದವರಿಗೆ ಕೊಟ್ರೆ ಆಡಿಟ್‌ನಲ್ಲಿ ನಾನು ಕಟ್ಟಬೇಕಾಗ್ತದೆ.”

“ಹಾಗಾದ್ರೆ ಸದಸ್ಯರನ್ನಾಗಿ ಮಾಡಿ.”

ಸದಸ್ಯತ್ವದ ಅರ್ಜಿ ಧುರೀಣರ ಮನೆಗೆ ಹೋಗಿ ಸಹಿಯಾಗಿ ಬಂದಿದೆ. ಆಗಸ್ಟ್ 12ರಂದು ವೇದಿಕೆಯ ಮೇಲೆ ಅವರ ಅಭಿನಂದನ ಗ್ರಂಥವನ್ನು ಅವರಿಗೇ ಎರವಲು ಕೊಡಲಾಗುತ್ತದೆ. ಗುರಿ ಒಬ್ಬ ಹೊಸ ಓದುಗ, ಸಾಧನೆ ಒಬ್ಬ, ಶೇಕಡಾ ನೂರು. ಉದ್ದದ ಕಾಲಮ್ಮಿನಲ್ಲಿ ಬೀರುವಿನ ಅಳತೆ ಎರಡು ಮೀಟರ್. ಹದಿನಾಲ್ಕು ದಿನದೊಳಗೆ ಪುಸ್ತಕ ವಾಪಸು ಬರಬೇಕೆಂದು ಮೇಲ್ವಿಚಾರಕಿ ಅಂಜುತ್ತಲೇ ನೆನಪಿಸಿದ್ದಕ್ಕೆ ಧುರೀಣರ ಆಪ್ತರು, ಚಿಂತೆ ಬೇಡ, ಸಾಹೇಬರು ವಾಪಸು ಕಳಿಸುವಾಗ ಜೊತೆಗೆ ಇನ್ನೂ ಹತ್ತು ಪ್ರತಿ ಇಟ್ಟು ಕಳಿಸುತ್ತಾರೆ ಎಂದು ಭರವಸೆ ಕೊಟ್ಟಿದ್ದಾರೆ. ಆಗಸ್ಟ್ ತಿಂಗಳ ಹೊಸ ಸೇರ್ಪಡೆಯ ಕಾಲಂ ಜುಲೈನಲ್ಲೇ ಭರ್ತಿಯಾಗಿದೆ.