ಚೌಕಾಸಿ ಮಾಡದವರಿದ್ದಾರೆ, ಎಚ್ಚರಿಕೆ!

ಮಲೆನಾಡಿನಲ್ಲಿ ಯಾವ ಸಾಮಾನೂ ಹಳೆಯದಾಗುವುದಿಲ್ಲ, ಅಟ್ಟ ಹತ್ತುತ್ತದೆ ಅಷ್ಟೇ. ಅಜ್ಜನ ವಾಲ್ವ್ ರೇಡಿಯೋದಿಂದ ಹಿಡಿದು ಮೊಮ್ಮಗ ಎರಡೇ ಸಲ ತುಳಿದ ಗೇರ್ ಸೈಕಲ್‌ವರೆಗೆ ಎಲ್ಲವೂ ಅಲ್ಲಿ ಹೊಗೆ ಕುಡಿಯುತ್ತಾ ಕೂತಿರುತ್ತವೆ. ಮೊದಲಾದರೆ ವರ್ಷಕ್ಕೊಮ್ಮೆ ಗುಜರಿಯವನು ಬಂದು, ಕಬ್ಬಿಣಕ್ಕೊಂದು ಪ್ಲಾಸ್ಟಿಕ್ಕಿಗೊಂದು ರೇಟು ಹೇಳಿ, ತೂಕದಲ್ಲಿ ಒಂದಿಷ್ಟು ಹೊಡೆದು, ಹೊತ್ತುಕೊಂಡು ಹೋಗುತ್ತಿದ್ದ. ಮೋಸವೇ, ಆದರೆ ಹತ್ತು ನಿಮಿಷದಲ್ಲಿ ಮುಗಿಯುವ ಮೋಸ. ಈಗ ಓಎಲ್‌ಎಕ್ಸ್ ಇದೆ, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್ ಇದೆ, ಊರಿಗೆ ನಾಲ್ಕರಂತೆ ವಾಟ್ಸ್‌ಆಪ್ ಗುಂಪುಗಳಿವೆ. ದಲ್ಲಾಳಿ ಇಲ್ಲ, ಕಮಿಷನ್ ಇಲ್ಲ. ಗುಜರಿಯಲ್ಲಿ ನೂರು ರೂಪಾಯಿಯೂ ಹುಟ್ಟದ ಮಿಕ್ಸಿಗೆ ಇಲ್ಲಿ ಒಂಬೈನೂರು ಹುಟ್ಟುತ್ತದೆ. ಇದು ನಿಜವಾದ ಲಾಭ, ಅಲ್ಲಗಳೆಯುವಂತಿಲ್ಲ. ಲಾಭದ ಪಟ್ಟಿ ಇಲ್ಲಿಗೆ ಮುಗಿಯಿತು.

ಮಾರುವವರ ಭಾಷೆಯಿಂದಲೇ ಶುರುಮಾಡೋಣ. ಜಾಹೀರಾತಿನಲ್ಲಿ ‘ಶೋರೂಮ್ ಕಂಡೀಷನ್’ ಎಂದಿದ್ದರೆ ಬೈಕನ್ನು ಇವತ್ತು ಬೆಳಿಗ್ಗೆ ತೊಳೆದಿದ್ದಾರೆ ಎಂದರ್ಥ. ‘ಸಣ್ಣ ರಿಪೇರಿ ಇದೆ, ಇನ್ನೂರು ರೂಪಾಯಿಯಲ್ಲಿ ಆಗುತ್ತೆ’ ಎಂದಿದ್ದರೆ, ಆ ಇನ್ನೂರನ್ನು ಮಾರುವವರೇ ಯಾಕೆ ಹಾಕಲಿಲ್ಲ ಎಂದು ಕೇಳಬಾರದು. ‘ಬೆಂಗಳೂರಿಗೆ ಶಿಫ್ಟ್ ಆಗುತ್ತಿರುವುದರಿಂದ ಅರ್ಜೆಂಟ್ ಮಾರಾಟಕ್ಕಿದೆ’ ಎಂಬ ಸೋಫಾ ಮೂರು ಮಳೆಗಾಲದಿಂದ ಶಿಫ್ಟ್ ಆಗುತ್ತಲೇ ಇದೆ. ‘ಒಂದೇ ಸೀಸನ್ ಬಳಸಿದ ಪವರ್ ಸ್ಪ್ರೇಯರ್’ ಎಂಬುದಂತೂ ನಮ್ಮದೇ ಕೊಡುಗೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವೆಂದರೆ 100 ಲೀಟರ್ ನೀರಿಗೆ 1 ಕೇಜಿ ಮೈಲುತುತ್ತ, 1 ಕೇಜಿ ಸುಣ್ಣ. ಒಂದು ಸೀಸನ್ ಎಂದರೆ ತೋಟಕ್ಕೆಲ್ಲ ಎರಡು ಮೂರು ಸುತ್ತು. ಸಂಜೆ ಔಷಧಿ ಮುಗಿದ ಮೇಲೆ ಬರೀ ನೀರು ಹಾಯಿಸಿ ಪಂಪು ತೊಳೆಯದೆ ಕೊಟ್ಟಿಗೆಯ ಮೂಲೆಗೆ ತಳ್ಳಿದ್ದರೆ ಸುಣ್ಣ ವಾಲ್ವಿನೊಳಗೆ ಗಟ್ಟಿಯಾಗಿ ಕೂತಿರುತ್ತದೆ. ಕೊಳ್ಳುವವರು ಎಂಜಿನ್ ಸದ್ದು ಕೇಳಿ ತಲೆದೂಗುವುದು ಬಿಟ್ಟು, ನಾಜಲ್ ಬಿಚ್ಚಿ ನೋಡಬೇಕು. ಒಳಗೆಲ್ಲ ಹಸಿರು–ನೀಲಿ ಕಿಲುಬು ಇದ್ದರೆ ಅದು ಒಂದು ಸೀಸನ್ ಅಲ್ಲ, ಒಂದು ತಲೆಮಾರು.

ಇನ್ನು ಫೋಟೋ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೆಗೆದ ಫೋಟೋದಲ್ಲಿ ಎಲ್ಲ ಸಾಮಾನೂ ಒಂದೇ ಬಣ್ಣ, ಬೂಷ್ಟಿನ ಬಣ್ಣ. ಮರದ ಮಂಚವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಫೋಟೋ ತೆಗೆದರೆ, ಗಿರಾಕಿ ಬರುವ ಭಾನುವಾರಕ್ಕೆ ಸರಿಯಾಗಿ ಬೂಷ್ಟು ಇನ್ನಷ್ಟು ಹುರುಪಿನಿಂದ ವಾಪಸು ಬಂದಿರುತ್ತದೆ. ಹಚ್ಚಬೇಕಾದ್ದು ನೀರಲ್ಲ, ವಿನೆಗರ್. ಹಚ್ಚಿ ಒರೆಸಿ ಬಿಸಿಲಿಗೆ ಇಡಬೇಕು, ಬಿಸಿಲನ್ನು ಯಾರಾದರೂ ಮಾರಾಟಕ್ಕೆ ಹಾಕಿದ್ದರೆ. ಪಾರ್ಟಿಕಲ್ ಬೋರ್ಡಿನ ಬೀರು ಮಾತ್ರ ಯಾವ ಉಪಾಯಕ್ಕೂ ಬಗ್ಗದು. ಒಮ್ಮೆ ತೇವ ಕುಡಿದು ಉಬ್ಬಿತೆಂದರೆ ಮುಗಿಯಿತು, ಬಿಚ್ಚಿ ಸಾಗಿಸಿ ಮತ್ತೆ ಜೋಡಿಸುವಾಗ ಹಳೇ ತೂತಿನಲ್ಲಿ ಸ್ಕ್ರೂ ಹಿಡಿಯುವುದೇ ಇಲ್ಲ. ಕ್ಯಾಮೆರಾ ಕೊಳ್ಳುವವರು ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಒಳಗೆ ಜೇಡರಬಲೆಯಂಥ ಎಳೆಗಳು ಕಂಡರೆ ಅದು ಶಿಲೀಂಧ್ರ, ಹೊರಗಿನಿಂದ ಒರೆಸಿದರೆ ಹೋಗದು. ಆಗುಂಬೆಯ ಮಳೆಯ ಫೋಟೋ ತೆಗೆದ ಕ್ಯಾಮೆರಾದೊಳಗೆ ಆಗುಂಬೆಯೇ ಬೆಳೆದಿರುತ್ತದೆ.

ಜಾಹೀರಾತು ಹಾಕಿದ ಐದು ನಿಮಿಷಕ್ಕೆ ಬರುತ್ತದೆ ಮೊದಲ ಸಂದೇಶ: ‘ಇದೆಯಾ?’

ಇದನ್ನು ಓದಿ ಮಾರುವವರು ಪುಳಕಗೊಳ್ಳಬಾರದು. ಫೇಸ್‌ಬುಕ್ಕಿನಲ್ಲಿ ಆ ಪ್ರಶ್ನೆಯನ್ನು ಆಪ್ ಮೊದಲೇ ಬರೆದಿಟ್ಟಿರುತ್ತದೆ, ಗಿರಾಕಿ ಬಟನ್ ಒತ್ತುತ್ತಾನೆ ಅಷ್ಟೇ. ಎಷ್ಟೋ ಸಲ ಬೆರಳು ತಾಗಿ ಹೋಗಿರುತ್ತದೆ. ‘ಇದೆ’ ಎಂದು ಉತ್ತರಿಸಿದರೆ ಎರಡು ದಿನ ಮೌನ. ಮೂರನೇ ದಿನ ರಾತ್ರಿ ಹನ್ನೊಂದಕ್ಕೆ ‘ಲಾಸ್ಟ್ ಎಷ್ಟು?’ ಫಸ್ಟ್ ಎಷ್ಟೆಂದು ಮೇಲೆಯೇ ಬರೆದಿದೆ, ಅದನ್ನು ಓದುವ ಪದ್ಧತಿ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿಲ್ಲ. ಎಂಟು ಸಾವಿರದ ಫ್ರಿಜ್ಜಿಗೆ ‘ಮೂರಕ್ಕೆ ಕೊಡ್ತೀರಾ, ನಾಳೆನೇ ಬಂದು ಒಯ್ತೀನಿ’ ಎನ್ನುತ್ತಾರೆ. ಈ ನಾಳೆಗೆ ಒಂದು ಪಂಚಾಂಗವಿದೆ. ಮಳೆ ನಿಲ್ಲಲಿ, ಕೊಯ್ಲು ಮುಗಿಯಲಿ, ಅಡಿಕೆ ಮಂಡಿಗೆ ಹೋಗಲಿ, ದುಡ್ಡು ಕೈಗೆ ಬರಲಿ, ಅಷ್ಟರಲ್ಲಿ ತಂಗಿ ಮದುವೆ. ಇನ್ನು ಕೆಲವರು ಮಾರುವವರಿಗೇ ಬುದ್ಧಿ ಹೇಳುತ್ತಾರೆ: ‘ಹೊಸದೇ ಆಫರಿನಲ್ಲಿ ಇಷ್ಟಕ್ಕೆ ಸಿಗುತ್ತಲ್ಲ ಮಾರಾಯ್ರೆ!’ ಸಿಗುವುದಾದರೆ ಕೊಳ್ಳಿ ಮಾರಾಯ್ರೆ, ಇಲ್ಲೇಕೆ ಬಂದಿರಿ? ಮಜಾ ಎಂದರೆ, ಈ ಮಹನೀಯರೇ ತಮ್ಮ ಹತ್ತು ವರ್ಷದ ಟೀವಿ ಮಾರುವಾಗ ‘ಕಂಪನಿ ಬೆಲೆಗಿಂತ ಎರಡೇ ಸಾವಿರ ಕಮ್ಮಿ, ಚೌಕಾಸಿ ಇಲ್ಲ’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ.

ದೂರದ ವಿಷಯದಲ್ಲಿ ಆಪ್‌ನದು ಬೇರೆಯೇ ಭೂಗೋಳ. ಅದು ನಕ್ಷೆಯ ಮೇಲೆ ಗೀಟು ಎಳೆದು ‘ಹತ್ತು ಕಿಲೋಮೀಟರ್’ ಎನ್ನುತ್ತದೆ. ಗೀಟಿನ ನಡುವೆ ಶರಾವತಿ ಹಿನ್ನೀರು ಇರುವುದು ಅದಕ್ಕೆ ತಿಳಿಯದು. ಸಾಗರದ ಕಡೆಯ ಮಾರಾಟಗಾರರಿಗೆ ಆಚೆ ದಡದ ಗಿರಾಕಿಗಳು ವರ್ಷಗಟ್ಟಲೆ ಹೇಳುತ್ತಿದ್ದ ‘ಲಾಂಚ್ ತಪ್ಪಿತು’ ಎಂಬ ನೆಪ 2025ರ ಜುಲೈ 14ರಂದು ಸಿಗಂದೂರು ಸೇತುವೆ ಉದ್ಘಾಟನೆಯಾಗಿ ಕೊನೆಗೊಂಡಿತು. ಎರಡೂಕಾಲು ಕಿಲೋಮೀಟರಿಗೂ ಉದ್ದದ ಸೇತುವೆ ಕಟ್ಟಿದರೂ ಫ್ರಿಜ್ಜು ಮಾತ್ರ ದಾಟಿಲ್ಲ.

ಕೊನೆಗೂ ಗಿರಾಕಿ ಬಂದರೆ ಒಬ್ಬರೇ ಬರುವುದಿಲ್ಲ. ಕೊಳ್ಳುವವರು, ಅವರ ಭಾವ, ಜೊತೆಗೆ ‘ಗಾಡಿ ವಿಷ್ಯ ಇವನಿಗೆ ಎಲ್ಲ ಗೊತ್ತು’ ಎಂಬ ತಜ್ಞ. ಬಂದವರಿಗೆ ಕಾಫಿ ಕೊಡದಿದ್ದರೆ ಮನೆತನದ ಮರ್ಯಾದೆ ಹೋಗುತ್ತದೆ, ಕೊಟ್ಟರೆ ಬೆಲೆ ಹೋಗುತ್ತದೆ. ಜಗಲಿಯಲ್ಲಿ ಕೂರಿಸಿ ಅವಲಕ್ಕಿ ತಿನ್ನಿಸಿದವರ ಹತ್ತಿರ ಐನೂರಕ್ಕೆ ಜಗಳ ಆಡಲು ಯಾವ ಮಲೆನಾಡಿಗರಿಗೂ ಬಾಯಿ ಬರುವುದಿಲ್ಲ. ತಿಂದವರಿಗೆ ಬರುತ್ತದೆ. ಊರು ಕೇಳಿ, ಗೋತ್ರ ಕೇಳಿ, ಹೆಂಡತಿ ಕಡೆಯಿಂದ ದೂರದ ನೆಂಟಸ್ತಿಕೆ ಪತ್ತೆಯಾಯಿತೋ, ಬೈಕನ್ನು ಪುಕ್ಕಟೆ ಕೊಟ್ಟಂತೆಯೇ ಲೆಕ್ಕ.

ತಜ್ಞ ಟೈರಿಗೆ ಒದೆಯುತ್ತಾನೆ, ಹಾರನ್ ಬಾರಿಸುತ್ತಾನೆ, ‘ಹ್ಮ್’ ಎನ್ನುತ್ತಾನೆ. ಇದರಿಂದ ಗಾಡಿಯ ಬಗ್ಗೆ ಏನೂ ತಿಳಿಯದು, ಆದರೆ ಬೆಲೆ ಸಾವಿರ ಇಳಿಯುತ್ತದೆ. ನಿಜಕ್ಕೂ ನೋಡಬೇಕಾದ್ದು ಬೇರೆ. ಹೋದ ತಕ್ಷಣ ಎಂಜಿನ್ ಮುಟ್ಟಿ ನೋಡಬೇಕು, ಬಿಸಿ ಇದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ, ತಣ್ಣಗಿದ್ದಾಗ ಅದು ಕೆಮ್ಮುತ್ತದೆ. ಸೈಲೆನ್ಸರಿನಲ್ಲಿ ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ, ರಿಂಗು ಅಥವಾ ವಾಲ್ವ್ ಸೀಲು ಸವೆದಿದೆ. ಮೀಟರಿನಲ್ಲಿ ಹದಿನೆಂಟು ಸಾವಿರ ಕಿಲೋಮೀಟರ್ ಇದ್ದು ಗೇರ್ ಪೆಡಲಿನ ರಬ್ಬರು ನುಣ್ಣಗಾಗಿದ್ದರೆ ಮೀಟರನ್ನಲ್ಲ, ರಬ್ಬರನ್ನು ನಂಬಿ. ಚೈನ್ ಸ್ಪ್ರಾಕೆಟ್ಟಿನ ಹಲ್ಲು ಕೊಕ್ಕೆಯಂತೆ ಬಾಗಿದ್ದರೆ ಚೈನ್ ಸೆಟ್ ಖರ್ಚು ತಲೆಗೆ ಬಂತು. ಸೀಟು ಎತ್ತಿ, ಟ್ಯಾಂಕಿನ ತಳ ಮತ್ತು ಹಿಂದಿನ ಮಡ್‌ಗಾರ್ಡಿನೊಳಗೆ ಬೆರಳಾಡಿಸಿ. ನಮ್ಮ ಮಳೆಗೆ ತುಕ್ಕು ಶುರುವಾಗುವುದು ಫೋಟೋಗೆ ಬೀಳದ ಜಾಗದಲ್ಲೇ.

ವ್ಯಾಪಾರ ಕುದುರಿದರೂ ಸಾಗಿಸುವ ಪುರಾಣ ಉಳಿದಿರುತ್ತದೆ. ಫ್ರಿಜ್ಜನ್ನು ನಿಲ್ಲಿಸಿಯೇ ಒಯ್ಯಬೇಕು. ಗೂಡ್ಸ್ ಆಟೋದಲ್ಲಿ ಮಲಗಿಸಿ ತೀರ್ಥಹಳ್ಳಿ ದಾರಿಯ ಗುಂಡಿ ಹಾರಿಸಿ ತಂದರೆ ಕಂಪ್ರೆಸರಿನ ಎಣ್ಣೆ ಕೊಳವೆಗಳಿಗೆ ಹರಿದಿರುತ್ತದೆ. ಮಲಗಿಸಿದ್ದೇ ಆದರೆ ಮನೆಯಲ್ಲಿ ನೆಟ್ಟಗೆ ನಿಲ್ಲಿಸಿ ಒಂದು ಇಡೀ ದಿನ ಪ್ಲಗ್ ಹಾಕದೆ ಬಿಡಬೇಕು. ಯಾರೂ ಬಿಡುವುದಿಲ್ಲ, ಬಂದ ಕೂಡಲೇ ಹಾಕಿ, ‘ತಣ್ಣಗೇ ಆಗ್ತಿಲ್ಲ, ದುಡ್ಡು ವಾಪಸ್ ಕೊಡಿ’ ಎಂದು ಫೋನು. ಮುಂದಿನ ಬಾಗಿಲಿನ ವಾಷಿಂಗ್ ಮಷಿನ್ನಿನದು ಇನ್ನೂ ನಾಜೂಕು. ಡ್ರಮ್ ಅಲುಗದಂತೆ ಹಿಂದೆ ಟ್ರಾನ್ಸಿಟ್ ಬೋಲ್ಟ್ ಹಾಕಿ ಬಿಗಿದೇ ಸಾಗಿಸಬೇಕು. ಆ ಬೋಲ್ಟುಗಳನ್ನು ಹೊಸ ಮಷಿನ್ ಬಂದ ದಿನವೇ ಮನೆಯ ಹುಡುಗರು ಎಲ್ಲಿ ಎಸೆದರೋ ದೇವರೇ ಬಲ್ಲ. ಹೊಸ ಜಾಗದಲ್ಲಿ ಬೋಲ್ಟು ತೆಗೆಯದೆ ಚಾಲೂ ಮಾಡಿದರೋ, ಮಷಿನ್ ಬಚ್ಚಲಿನಿಂದ ನಡೆದುಕೊಂಡು ಜಗಲಿಗೆ ಬರುತ್ತದೆ.

ಹೀಗೆ ‘ಇದೆಯಾ’, ‘ಲಾಸ್ಟ್ ಎಷ್ಟು’, ‘ನಾಳೆ ಬರ್ತೀನಿ’ಗಳಲ್ಲಿ ಬೆಂದುಹೋದ ಮಾರಾಟಗಾರರ ಬಾಳಿನಲ್ಲಿ ಒಂದು ದಿನ ಸಜ್ಜನನೊಬ್ಬ ಬರುತ್ತಾನೆ. ‘ಸರ್’ ಎನ್ನುತ್ತಾನೆ. ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಬಹಳ ವಿನಯದಿಂದ ಮಾತಾಡುತ್ತಾನೆ. ಸೈನ್ಯದಲ್ಲಿದ್ದೇನೆ, ವರ್ಗವಾಗಿದೆ, ಸಾಮಾನು ಒಯ್ಯಲು ನಮ್ಮ ಗಾಡಿಯೇ ಬರುತ್ತದೆ ಎಂದು ಗುರುತಿನ ಚೀಟಿಯ ಫೋಟೋ ಕಳಿಸುತ್ತಾನೆ. ಸಾಮಾನು ನೋಡಬೇಕೆನ್ನುವುದಿಲ್ಲ, ಬೂಷ್ಟು ಕೇಳುವುದಿಲ್ಲ, ಕಾಫಿ ಕುಡಿಯುವುದಿಲ್ಲ, ಎಂಟು ಸಾವಿರವೆಂದರೆ ಎಂಟೇ ಸಾವಿರ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪನ್ನೂ ಚೌಕಾಸಿ ಇಲ್ಲದೆ ಕೊಂಡವರಿಲ್ಲ. ಅಂಥ ಜಿಲ್ಲೆಯಲ್ಲಿ ಹಳೇ ಫ್ರಿಜ್ಜಿಗೆ ಹೇಳಿದ ಬೆಲೆ ಕೊಡುತ್ತೇನೆ ಎನ್ನುವವನು ಸಿಕ್ಕಾಗ ಓಡಬೇಕು. ನಮ್ಮವರು ಮಾಡುವುದೇನು? ‘ಎಷ್ಟು ಒಳ್ಳೇ ಮನುಷ್ಯ ನೋಡೇ’ ಎಂದು ಹೆಂಡತಿಯನ್ನು ಕರೆಯುತ್ತಾರೆ.

ಮುಂದಿನದು ಕಂಠಪಾಠವಾಗುವಷ್ಟು ಸಲ ಪತ್ರಿಕೆಗಳಲ್ಲಿ ಬಂದಿದೆ, ಆದರೂ ಪ್ರತಿ ವಾರ ಹೊಸಬರಿಗೆ ನಡೆಯುತ್ತದೆ. ನಂಬಿಕೆ ಬರಲೆಂದು ಮೊದಲು ಒಂದು ರೂಪಾಯಿ ಹಾಕುತ್ತಾನೆ. ಆಮೇಲೆ ಕ್ಯೂಆರ್ ಕೋಡ್ ಕಳಿಸಿ, ‘ಇದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಹಣ ನಿಮ್ಮ ಖಾತೆಗೆ ಬರುತ್ತೆ’ ಎನ್ನುತ್ತಾನೆ. ಯುಪಿಐ ಶುರುವಾದದ್ದು 2016ರಲ್ಲಿ. ಅಂದಿನಿಂದ ಇಂದಿನವರೆಗೆ ಪಿನ್ ಒತ್ತಿ ಹಣ ಪಡೆದ ಒಬ್ಬ ಮನುಷ್ಯನೂ ಇಲ್ಲ. ಪಿನ್ ಬೇಕಾಗುವುದು ಹಣ ಕಳಿಸುವುದಕ್ಕೆ, ಬ್ಯಾಲೆನ್ಸ್ ನೋಡುವುದಕ್ಕೆ. ಸ್ಕ್ಯಾನ್ ಮಾಡುವವರು ಕೊಡುವವರು, ಕೋಡ್ ತೋರಿಸುವವರು ಪಡೆಯುವವರು. ದುರ್ಗಿಗುಡಿಯ ಎಳನೀರು ಗಾಡಿಯಲ್ಲಿ ದಿನಾ ಮಾಡುವುದನ್ನೇ ಫ್ರಿಜ್ಜು ಮಾರುವಾಗ ಮರೆಯುತ್ತೇವೆ. ಇನ್ನೊಂದು ವರಸೆಯಲ್ಲಿ ಬ್ಯಾಂಕಿನದೇ ಎನ್ನುವಂಥ ಸಂದೇಶ ಬರುತ್ತದೆ: ಎಂಟು ಸಾವಿರದ ಬದಲು ಎಂಬತ್ತು ಸಾವಿರ ಜಮೆಯಾಗಿದೆ. ‘ಅಯ್ಯೋ ಸರ್, ಸೊನ್ನೆ ಜಾಸ್ತಿ ಆಯ್ತು, ಉಳಿದದ್ದು ವಾಪಸ್ ಹಾಕಿ’. ಆ ಸಂದೇಶವನ್ನು ಅವನೇ ಕೂತು ಟೈಪ್ ಮಾಡಿದ್ದು. ಬ್ಯಾಂಕಿನ ಆಪ್ ತೆರೆದು ಖಾತೆ ನೋಡುವ ತನಕ ಒಂದು ಪೈಸೆ ಕದಲಿಸಬಾರದು. ಹೋಗೇಬಿಟ್ಟಿದ್ದರೆ ಅಳುವುದಕ್ಕೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಹಣ ಮುಂದಿನ ಖಾತೆಗೆ ಜಿಗಿಯುವ ಮೊದಲು ಹೇಳಿದರೆ ತಡೆಹಿಡಿಯುವ ಸಾಧ್ಯತೆ ಇದೆ. ನಮ್ಮಲ್ಲಿ ಮರ್ಯಾದೆಗೆ ಅಂಜಿ ಮೂರು ದಿನ ಯಾರಿಗೂ ಹೇಳುವುದಿಲ್ಲ.

ಬೈಕ್ ಮಾರಿದವರ ಗ್ರಹಚಾರ ಹಣ ಬಂದ ಮೇಲೆ ಶುರು. ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿ, ಉಳಿದ ಜಾಗ ಖಾಲಿ ಬಿಟ್ಟು, ‘ನೀವೇ ಆರ್‌ಟಿಒ ಕೆಲಸ ಮಾಡಿಸ್ಕೊಳ್ಳಿ’ ಎಂದು ಕೀ ಕೊಟ್ಟು ಕಳಿಸುವುದು ಇಲ್ಲಿನ ಸಂಪ್ರದಾಯ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ರಾಜ್ಯದೊಳಗೇ ಮಾರಿದರೂ 14 ದಿನದೊಳಗೆ ವರ್ಗಾವಣೆಯ ಮಾಹಿತಿ ಕೊಡಬೇಕಾದ್ದು ಮಾರಿದವರು. ಕೊಡದಿದ್ದರೆ ಗಾಡಿ ಶಿವಮೊಗ್ಗದ ಕೆಎ-14 ಆಗಲಿ, ಸಾಗರದ ಕೆಎ-15 ಆಗಲಿ, ಹೆಲ್ಮೆಟ್ ಇಲ್ಲದ ದಂಡ ನಿಮ್ಮ ಮೊಬೈಲಿಗೇ ಬರುತ್ತದೆ. ಅಪಘಾತವಾದರಂತೂ ದಾಖಲೆಯಲ್ಲಿ ಹೆಸರಿರುವವರೇ ಮಾಲೀಕರು ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಮೊಬೈಲ್ ಮಾರುವವರು ಗೂಗಲ್ ಖಾತೆ ತೆಗೆದು ಆಮೇಲೆ ರೀಸೆಟ್ ಮಾಡಬೇಕು, ಉಲ್ಟಾ ಮಾಡಿದರೆ ಕೊಂಡವರ ಕೈಯಲ್ಲಿ ಅದು ಹಳೇ ಪಾಸ್‌ವರ್ಡ್ ಕೇಳುವ ಇಟ್ಟಿಗೆಯಾಗಬಹುದು. ಕೊಳ್ಳುವವರು ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿ ಫೋನಿನ ಗುರುತು ಸಂಖ್ಯೆಯಾದ 15 ಅಂಕಿಯ ಐಎಂಇಐ ನೋಡಿ, ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಕದ್ದ ಮಾಲೇ ಎಂದು ಪರೀಕ್ಷಿಸಬಹುದು. ಎರಡು ನಿಮಿಷದ ಕೆಲಸ, ಆದ್ದರಿಂದ ಯಾರೂ ಮಾಡುವುದಿಲ್ಲ.

ಮಾರಬಾರದ್ದನ್ನೇ ಮಾರಲು ಹೊರಡುವವರದು ಬೇರೆಯೇ ಪಂಥ. ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಲಕ್ಷ ಬರುತ್ತದೆಂದು ನಂಬಿ, ‘ನೋಂದಣಿ ಶುಲ್ಕ’ ಎಂದು ಸಾವಿರಗಟ್ಟಲೆ ಕಟ್ಟಿದವರಿದ್ದಾರೆ. ಇಂಥ ಆಮಿಷಕ್ಕೆ ಬೀಳಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿತ್ತು. ‘ಸ್ಟೌ ಜೊತೆ ಸಿಲಿಂಡರ್ ಫ್ರೀ’ ಎಂದು ಹಾಕುತ್ತಾರೆ, ಸಿಲಿಂಡರ್ ಕಂಪನಿಯ ಸ್ವತ್ತು, ನಿಮ್ಮದು ಡಿಪಾಸಿಟ್ ಮಾತ್ರ. ನೂರು ವರ್ಷ ದಾಟಿದ ಕೆತ್ತನೆಯ ವಿಗ್ರಹ, ಲೋಹದ ಕಲಾಕೃತಿಗಳು 1972ರ ಪ್ರಾಚ್ಯವಸ್ತು ಕಾಯ್ದೆಯಡಿ ಬರುತ್ತವೆ, ಪರವಾನಗಿ ಇಲ್ಲದೆ ಅವುಗಳ ವ್ಯಾಪಾರ ಮಾಡುವಂತಿಲ್ಲ.

ಅದೇ 1972ರಲ್ಲಿ ಬಂದ ಇನ್ನೊಂದು ಕಾಯ್ದೆ ವನ್ಯಜೀವಿಗಳದ್ದು. ಮಲೆನಾಡಿನ ಹಳೇ ಮನೆಯ ಜಗಲಿಯಲ್ಲಿ ಟೋಪಿ ನೇತುಹಾಕಲು ಗೋಡೆಗೊಂದು ಜಿಂಕೆ ಕೊಂಬು ಇರುತ್ತದಲ್ಲ, ಮಾಲೀಕತ್ವದ ಪ್ರಮಾಣಪತ್ರವಿಲ್ಲದೆ ಅದು ಅಲ್ಲಿರುವುದೇ ಅಪರಾಧ, ಪತ್ರವಿದ್ದರೂ ಮಾರುವಂತಿಲ್ಲ. 2023ರ ಅಕ್ಟೋಬರಿನಲ್ಲಿ ಹುಲಿಯುಗುರಿನ ಪದಕವೊಂದು ಟೀವಿಯಲ್ಲಿ ಕಂಡಿದ್ದೇ ಕೇಸಾಗಿ, ರಾಜ್ಯದ ಎಷ್ಟೋ ಕುತ್ತಿಗೆಗಳು ರಾತ್ರೋರಾತ್ರಿ ಬರಿದಾದವು. ಕುತ್ತಿಗೆಯದು ತೆಗೆದರು, ಗೋಡೆಯದು ಹಾಗೇ ಇದೆ. ಹಾಗಾಗಿ ಬೀಟೆ ಮಂಚದ ಫೋಟೋ ಹಾಕುವ ಮೊದಲು ಮಂಚ ನೋಡುವುದು ಬಿಟ್ಟು ಹಿಂದಿನ ಗೋಡೆ ನೋಡಿ. ಅಲ್ಲಿ ಕೊಂಬಿದ್ದರೆ ‘ಇದೆಯಾ?’ ಎಂದು ಕೇಳಿದವರು ಮರುದಿನವೇ ಬರುತ್ತಾರೆ, ಜೀಪು ತಂದಿರುತ್ತಾರೆ, ಕಾಫಿ ಬೇಡ ಎನ್ನುತ್ತಾರೆ, ಲಾಸ್ಟ್ ಎಷ್ಟೆಂದು ಕೇಳುವುದೇ ಇಲ್ಲ.