ಅವಗಾಹನೆಗಾಗಿ ಮಂಡಿಸಿದೆ

ನಮ್ಮ ಶಿವಮೊಗ್ಗದ ಆಫೀಸಿನಲ್ಲಿ ಮೊದಲೆಲ್ಲ ಶಿಫಾರಸು ಅಂದರೆ ವರ್ಗಾವಣೆಯ ಮಾತು. ಯಾರದೋ ಪತ್ರ, ಅದರ ಹಿಂದೆ ಓಡಾಟ. ಈಗ ಶಿಫಾರಸು ಅಂದರೆ ಹಾಡು, ಸೀರೀಸು, ಪುಸ್ತಕ. ಬೆಳಗ್ಗೆ ಹಾಜರಿ ಹಾಕುವ ಮೊದಲೇ ಒಬ್ಬರು ಹಿಡಿದುಕೊಳ್ಳುತ್ತಾರೆ. "ಇನ್ನೂ ನೋಡಿಲ್ವಾ? ಅಯ್ಯೋ ಮಾರಾಯ್ರೆ!" ಆ ಅಯ್ಯೋದಲ್ಲಿ ಎಂಥ ಕನಿಕರ ಅಂದರೆ, ನನ್ನ ಶುಗರ್ ರಿಪೋರ್ಟನ್ನು ನನಗಿಂತ ಮುಂಚೆ ಇವರೇ ನೋಡಿದ್ದಾರೇನೋ ಅನ್ನಿಸಬೇಕು.

ನೋಡ್ತೀನಿ ಅಂದುಬಿಟ್ಟರೆ ಕೆಟ್ಟಿರಿ. ಅದು ಕೈಸಾಲ ಇದ್ದ ಹಾಗೆ. ಮಾರನೇ ದಿನದಿಂದಲೇ ವಸೂಲಿ ಶುರು. "ಎಲ್ಲಿಗೆ ಬಂತು? ಮೂರನೇ ಎಪಿಸೋಡ್ ತನಕ ತಡ್ಕೊಳ್ಳಿ, ಆಮೇಲೆ ನೋಡಿ ಮಜಾ!" ಮಲೆನಾಡಿನಲ್ಲಿ ನಮಗೊಂದು ಅನುಕೂಲ ಇದೆ. ಕರೆಂಟಿಲ್ಲ, ನೆಟ್‌ವರ್ಕಿಲ್ಲ ಅಂದರೆ ಯಾರೂ ಮರುಮಾತಾಡುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಈ ನೆಪ ಓಡುತ್ತದೆ. ಬೇಸಿಗೆ ಬಂದರೆ ಮಾತ್ರ ಸಾಲ ತೀರಿಸಲೇಬೇಕು.

ಹಾಡಿನವರು ಇನ್ನೂ ಅಪಾಯ. ಟಪಾಲು ಸೆಕ್ಷನ್ನಿನ ಒಬ್ಬರು ಒಂದು ದಿನ ತಮ್ಮ ಇಯರ್‌ಫೋನಿನ ಒಂದು ತುದಿಯನ್ನು ಪ್ಯಾಂಟಿಗೆ ಒರೆಸಿ ನನ್ನ ಕಿವಿಗೆ ತುರುಕಿದರು. ಆಮೇಲೆ ನನ್ನ ಮುಖವನ್ನೇ ನೋಡುತ್ತ ನಿಂತರು. "ಈಗ ಬರುತ್ತೆ ನೋಡಿ... ಈಗ... ಈಗ..." ನಾಲ್ಕು ನಿಮಿಷ. ಹಾಡು ಕೇಳುವುದೋ, ಮುಖದಲ್ಲಿ ಭಾವ ತರುವುದೋ? ಸುಮ್ನೆ ಕಣ್ಣು ಮುಚ್ಚಿ ತಲೆದೂಗಿದೆ. ಅಷ್ಟು ಹೊತ್ತಿಗೆ ಹಾಡು ಮುಗಿದು ಚಿನ್ನದ ಸಾಲದ ಜಾಹೀರಾತು ಬಂದಿತ್ತು. ಇನ್ನೊಂದು ತುದಿ ಅವರ ಕಿವಿಯಲ್ಲೇ ಇತ್ತಲ್ಲ, ಅವರೂ ತಲೆದೂಗುತ್ತಿದ್ದರು.

ಆಗುಂಬೆ ಕಡೆಯವರೊಬ್ಬರಿದ್ದಾರೆ. ಅವರದು ಜೀವಮಾನಕ್ಕೆ ಒಂದೇ ಶಿಫಾರಸು. 1980ರ ದಶಕದಲ್ಲಿ ಶಂಕರ್ ನಾಗ್ ಅವರೂರಿಗೆ ಬಂದು ಚಿತ್ರೀಕರಿಸಿದ ಮಾಲ್ಗುಡಿ ಡೇಸ್. ಅದರಲ್ಲೂ ಒಂದೇ ಕಂತು, ಅದರಲ್ಲೂ ಒಂದು ಅರೆಗಳಿಗೆ. ಹಿಂದುಗಡೆ ಕೊಡೆ ಹಿಡಿದು ದಾಟಿ ಹೋಗುವವರು ಅವರ ಚಿಕ್ಕಪ್ಪನಂತೆ. ಮುಖ ಕಾಣುವುದಿಲ್ಲ. ಕೊಡೆ ಇನ್ನೂ ಮನೆಯಲ್ಲಿದೆಯಂತೆ. ಇದೊಂದು ಶಿಫಾರಸನ್ನು ನಾನು ಮನಸಾರೆ ನಂಬುತ್ತೇನೆ. ಯಾಕಂದರೆ ಅವರು ಆ ಕಂತನ್ನು ನಿಜವಾಗಿ ನೋಡಿದ್ದಾರೆ.

ಉಳಿದವರ ಮೇಲೆ ನನಗೆ ಅನುಮಾನ. ಫೈಲಿನ ಮೇಲೆ "ಅವಗಾಹನೆಗಾಗಿ ಮಂಡಿಸಿದೆ" ಅಂತ ಬರೆದು ಮೇಲಕ್ಕೆ ಕಳಿಸುತ್ತೇವಲ್ಲ, ಹಾಗೆ. ಓದಬೇಕಾದವರು ಮೇಲಿನವರು. ಅವರೂ ಸಹಿ ಹಾಕಿ ಇನ್ನೂ ಮೇಲಕ್ಕೆ ಕಳಿಸುತ್ತಾರೆ.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ನಮ್ಮ ಸೆಕ್ಷನ್ನಿನಲ್ಲಿ ಹೀಗೇ ಸುತ್ತುತ್ತಿದೆ. 1967ರಲ್ಲಿ ಬಂದ ಕಾದಂಬರಿ, 700ಕ್ಕೂ ಜಾಸ್ತಿ ಪುಟ. ಕುಪ್ಪಳಿ ಇರುವುದು ನಮ್ಮ ಜಿಲ್ಲೆಯಲ್ಲೇ, ಹೊಗಳದಿದ್ದರೆ ಊರಿಗೇ ಅವಮಾನ ಅಲ್ವಾ? ಕಥೆ ಶುರುವಾಗುವ ಮುಂಚೆ ಬರುವ ಸಾಲುಗಳು ಎಲ್ಲರಿಗೂ ಬಾಯಿಪಾಠ. ಗುತ್ತಿ ಮತ್ತು ಅವನ ನಾಯಿ ಹುಲಿಯ ಅಂದರೆ ಎಲ್ಲರಿಗೂ ಪ್ರಾಣ. ಇಬ್ಬರೂ ಮೊದಲಿಗೇ ಬಂದುಬಿಡುತ್ತಾರೆ, ಪಾಪ.

"ಕೊನೆ ಓದುವಾಗ ಕಣ್ಣಲ್ಲಿ ನೀರು ಬಂತು ರೀ" ಅಂತ ಸೂಪರಿಂಟೆಂಡೆಂಟರೇ ಆ ಪುಸ್ತಕ ನನಗೆ ಕೊಟ್ಟಿದ್ದರು. 38ನೇ ಪುಟದಲ್ಲಿ ತೀರ್ಥಹಳ್ಳಿ ಬಸ್ಸಿನ ಟಿಕೆಟ್ ಇತ್ತು. ಅಲ್ಲಿಂದಾಚೆ ಹಾಳೆಗಳು ಒಂದಕ್ಕೊಂದು ಅಂಟಿಕೊಂಡು ಹೊಚ್ಚಹೊಸದಾಗಿದ್ದವು. ನಾನು ಎಷ್ಟು ಓದಿದೆ? ಅದು ಬಿಡಿ. ಹೋಟೆಲ್ ಬಿಲ್ಲೊಂದನ್ನು 52ನೇ ಪುಟದಲ್ಲಿಟ್ಟು, "ಅದ್ಭುತ ಸಾರ್" ಅಂತ ವಾಪಸ್ ಕೊಟ್ಟೆ. ಮೇಲಧಿಕಾರಿಗಿಂತ 14 ಪುಟ ಮುಂದಿದ್ದೇನೆ ಅನ್ನುವ ಹೆಮ್ಮೆ ಬೇರೆ.

ಹೋದ ತಿಂಗಳು ಅದು ಹೊಸದಾಗಿ ಸೇರಿದ ಹುಡುಗಿಯ ಕೈಗೆ ಹೋಯಿತು. ಮೂರು ವಾರ ಅವಳು ಅದರ ಸುದ್ದಿ ಎತ್ತಲಿಲ್ಲ. ಒಂದು ಸಂಜೆ ಟೀ, ಮಂಡಕ್ಕಿ ನಡುವೆ ಮೆಲ್ಲಗೆ ಕೇಳಿದಳು.

"ಸಾರ್, ಐತ-ಪೀಂಚಲು ಬಗ್ಗೆ ನಿಮಗೆಲ್ಲ ಏನನ್ನಿಸ್ತು? ನಂಗೆ ಅವರಿಬ್ಬರೇ ಜಾಸ್ತಿ ಇಷ್ಟ ಆದ್ರು."

ಮಂಡಕ್ಕಿ ಅಗಿಯುವ ಸದ್ದು ನಿಂತಿತು. ಟಪಾಲಿನವರು ಜೇಬಿನಲ್ಲಿ ಇಯರ್‌ಫೋನ್ ಹುಡುಕತೊಡಗಿದರು. ನಾನು ಲೋಟದೊಳಗೆ ನೋಡಿದೆ. ಸೂಪರಿಂಟೆಂಡೆಂಟರು ಗಂಟಲು ಸರಿ ಮಾಡಿಕೊಂಡರು.

"ನಮಗೆಲ್ಲ ಹುಲಿಯನೇ ಇಷ್ಟ ಕಣಮ್ಮ."