ಅದೊಂದು ಬೀಡಿಯಾದರೂ ಇರಲಿ ಎಂಬ ಕನಿಕರ

ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇರುವವರ ವಿಷಯದಲ್ಲಿ ನಮ್ಮ ಕಡೆಯ ಮನೆಗಳಲ್ಲಿ ‘ಪಾಪ, ಅದೊಂದು ಬೀಡಿಯಾದರೂ ಸೇದಿಕೊಳ್ಳಲಿ ಬಿಡಿ’ ಎನ್ನುವುದುಂಟು. ನಾನು ನೆಲೆಸಿರುವ ಇಂಗ್ಲೆಂಡಿನಲ್ಲಿ ಈ ಕನಿಕರ ಕಾನೂನಿನೊಳಕ್ಕೇ ಸೇರಿಕೊಂಡಿತ್ತು: 2007ರ ಜುಲೈಯಲ್ಲಿ ಸಾರ್ವಜನಿಕ ಕಟ್ಟಡಗಳೊಳಗೆ ಧೂಮಪಾನ ನಿಷೇಧವಾದಾಗ ಮಾನಸಿಕ ಆಸ್ಪತ್ರೆಯ ವಾರ್ಡುಗಳಿಗೆ ಇನ್ನೊಂದು ವರ್ಷದ ವಿನಾಯಿತಿ ಸಿಕ್ಕಿತು. ತೀವ್ರ ಮಾನಸಿಕ ಕಾಯಿಲೆಯವರು ಇಲ್ಲಿ ಉಳಿದವರಿಗಿಂತ ಸುಮಾರು 15ರಿಂದ 20 ವರ್ಷ ಮೊದಲೇ ತೀರಿಕೊಳ್ಳುತ್ತಾರೆ. ಅದರ ದೊಡ್ಡ ಕಾರಣಗಳಲ್ಲಿ ತಂಬಾಕಿನ ಹೊಗೆಯೂ ಒಂದು.

ಸಿಗರೇಟು ನಿಲ್ಲಿಸಿದರೆ ವಾರ್ಡಿನಲ್ಲಿ ಹೊಡೆದಾಟವಾಗುತ್ತದೆ ಎಂಬ ಭಯ ಇಲ್ಲಿಯೂ ಇತ್ತು. ಆದರೆ 2014ರಲ್ಲಿ ದಕ್ಷಿಣ ಲಂಡನ್ನಿನ ಮಾಡ್ಸ್‌ಲಿ ಮಾನಸಿಕ ಆಸ್ಪತ್ರೆಗಳ ಸಮೂಹ ಪೂರ್ತಿ ಹೊಗೆಮುಕ್ತವಾದ ಮೇಲೆ ದೈಹಿಕ ಹಲ್ಲೆಗಳು ಇಳಿದವು. ಯಾರ್ಕ್ ವಿಶ್ವವಿದ್ಯಾಲಯದವರ ನೇತೃತ್ವದ, 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತರಬೇತಿ ಪಡೆದ ಮಾನಸಿಕ ಆರೋಗ್ಯ ಕಾರ್ಯಕರ್ತರೇ ಅಗತ್ಯವಿದ್ದಲ್ಲಿ ಮನೆಗೂ ಹೋಗಿ, ಒಮ್ಮೆಲೇ ಬಿಡಲಾಗದವರಿಗೆ ಮೊದಲು ಕಡಿಮೆ ಮಾಡಲು ಹೇಳಿಕೊಟ್ಟಾಗ, ಆರು ತಿಂಗಳ ಹೊತ್ತಿಗೆ ಬಿಟ್ಟವರು ಸಾಮಾನ್ಯ ಸೇವೆ ಪಡೆದವರಿಗಿಂತ ಎರಡು ಪಟ್ಟಿಗೂ ಹೆಚ್ಚಿದ್ದರು. ವರ್ಷ ತುಂಬುವಷ್ಟರಲ್ಲಿ ಆ ಅಂತರ ಕುಗ್ಗಿತು ಎಂಬುದನ್ನೂ ಹೇಳಬೇಕು. ನೆರವು ಬೇಗ ನಿಂತುಹೋಗಬಾರದು ಎಂದೇ ನಾನು ಅದನ್ನು ಓದಿಕೊಳ್ಳುತ್ತೇನೆ.

ಬೀಡಿಯ ಲೆಕ್ಕ ಮಾತ್ರೆಯ ಲೆಕ್ಕದಿಂದ ಬೇರೆಯಲ್ಲ. ಹೊಗೆಯಲ್ಲಿನ ರಾಸಾಯನಿಕಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕುಗೊಳಿಸುವುದರಿಂದ ಈ ಕಾಯಿಲೆಗೆ ಕೊಡುವ ಕ್ಲೋಜಪೈನ್, ಒಲಾಂಜಪೈನ್ ಮಾತ್ರೆಗಳು ದೇಹದಲ್ಲಿ ಬೇಗ ಕರಗಿಹೋಗುತ್ತವೆ. ಸೇದುವುದನ್ನು ಬಿಟ್ಟ ಕೆಲವೇ ದಿನಗಳಲ್ಲಿ ರಕ್ತದಲ್ಲಿ ಅವುಗಳ ಮಟ್ಟ ಏರಿ, ವಿಪರೀತ ಮಂಪರು, ಕ್ಲೋಜಪೈನ್ ಆದರೆ ಫಿಟ್ಸ್ ಕೂಡ ಬರಬಹುದು. ಆದ್ದರಿಂದ ವೈದ್ಯರು ಆಗಲೇ ಡೋಸ್ ಮರುಪರಿಶೀಲಿಸಬೇಕು. ಇದು ಹೊಗೆಯ ಕೆಲಸವೇ ಹೊರತು ನಿಕೋಟಿನ್ನಿನದಲ್ಲ. ಹಾಗಾಗಿ ಬೀಡಿ ಬಿಟ್ಟು ನಿಕೋಟಿನ್ ಗಮ್ ಅಗಿಯುವವರಿಗೂ ಇದೇ ಎಚ್ಚರ ಬೇಕು.

ಕರ್ನಾಟಕದಲ್ಲಿ ಮನೆಮನೆಗೆ ಹೋಗುವಷ್ಟು ನರ್ಸುಗಳಿಲ್ಲ, ನಿಜ. ಆದರೆ ರೋಗಿಯೊಡನೆ ತಾಯಿಯೋ ಅಣ್ಣನೋ ಆಸ್ಪತ್ರೆಗೆ ಬರುತ್ತಾರೆ. ಎಷ್ಟೋ ಮನೆಗಳಲ್ಲಿ ಮಾತ್ರೆ ಕೊಡುವವರೂ ಬೀಡಿಗೆ ಕಾಸು ಕೊಡುವವರೂ ಅವರೇ. ಇಂಗ್ಲೆಂಡಿನಲ್ಲಿ ಒಂಟಿಯಾಗಿರುವ ಎಷ್ಟೋ ರೋಗಿಗಳಿಗೆ ಈ ಆಸರೆ ಇಲ್ಲ. ನಿಮ್ಹಾನ್ಸ್‌ನ ತಂಬಾಕು ಬಿಡಲು ಫೋನಿನಲ್ಲಿ ನೆರವಾಗುವ ಕ್ವಿಟ್‌ಲೈನ್ ಉಪಯುಕ್ತವೇ. ಆದರೆ ಫೋನಿನ ಆ ತುದಿಯಲ್ಲಿರುವವರಿಗೆ ಈ ಮನುಷ್ಯನ ಮಾತ್ರೆಯ ಚೀಟಿ ಕಾಣುವುದಿಲ್ಲ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಆರೋಗ್ಯ ಕೇಂದ್ರಗಳಲ್ಲೇ ಮಾನಸಿಕ ಚಿಕಿತ್ಸೆ ಕೊಟ್ಟು ನೋಡಿದ ಪ್ರಯೋಗದಿಂದ ರೂಪುಗೊಂಡ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವೇ, ತಿಂಗಳ ಮಾತ್ರೆ ಕೊಡುವ ದಿನ, ಜೊತೆಗೆ ಬಂದವರನ್ನೂ ಕೂರಿಸಿಕೊಂಡು ಈ ಮಾತನ್ನು ಎತ್ತಬೇಕು. ದಿನಕ್ಕೆಷ್ಟು ಬೀಡಿ ಎಂಬುದನ್ನು ಕೇಳಿ, ಚೀಟಿಯಲ್ಲಿ ಕ್ಲೋಜಪೈನ್ ಡೋಸಿನ ಪಕ್ಕದಲ್ಲಿಯೇ ಬರೆದಿಡಬೇಕು.